ಉಡಿದಾರದ ಅಳತೆ: ಮಂಡ್ಯ ಸೀಮೆಯ ನಾಲ್ಕು ತಾಲ್ಲೂಕುಗಳಲ್ಲಿ ಹೊಟ್ಟೆಯ ಕೊಬ್ಬಿನ ಚರಿತ್ರೆ

1. ಪೀಠಿಕೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಈ ನಾಲ್ಕು ತಾಲ್ಲೂಕುಗಳು ಕರ್ನಾಟಕದ ಇತಿಹಾಸವನ್ನು ಅಭ್ಯಾಸಮಾಡುವವರಿಗೆ ಅಪರಿಚಿತವಾದವುಗಳಲ್ಲ. ಹೊಯ್ಸಳರ ದೇವಾಲಯಗಳು, ಮೇಲುಕೋಟೆಯ ಶ್ರೀವೈಷ್ಣವ ಪರಂಪರೆ, ಒಡೆಯರ ರಾಜಧಾನಿ, ಹೈದರ್ ಮತ್ತು ಟಿಪ್ಪುವಿನ ಕಾಲದ ಯುದ್ಧಗಳು, ಇವೆಲ್ಲವನ್ನೂ ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಈ ಸೀಮೆಯಲ್ಲಿ ಬಾಳಿದ ಜನರ ದೇಹಕ್ಕೂ ಒಂದು ಚರಿತ್ರೆಯುಂಟೆಂಬ ಸಂಗತಿಯು ಇನ್ನೂ ನಮ್ಮ ಗಮನವನ್ನು ತಕ್ಕಷ್ಟು ಸೆಳೆದಿಲ್ಲ. ರಾಜರು ಕಟ್ಟಿಸಿದ ಕಟ್ಟೆ ಕಾಲುವೆಗಳ ಕಥೆಯನ್ನು ನಾವು ಬಲ್ಲೆವು. ಆ ಕಾಲುವೆಯ ನೀರು ಬೆಳೆಸಿದ ಅನ್ನವು ಉಂಡವರ ಮೈಯಲ್ಲಿ ಏನನ್ನು ಬರೆಯಿತೆಂಬುದನ್ನು ಅರಿಯೆವು.

ಈ ವಿಷಯವನ್ನು ನಾವು ಕೈಗೆತ್ತಿಕೊಂಡುದಕ್ಕೆ ಒಂದು ಸಣ್ಣ ಕಾರಣವುಂಟು. ಕೆಲವು ವರ್ಷಗಳ ಹಿಂದೆ ಶಾಸನವೊಂದರ ಪಾಠವನ್ನು ತಾಳೆನೋಡಲು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಕಲ್ಲಿನ ಸುತ್ತಣ ಲಂಟಾನದ ಪೊದೆಯನ್ನು ಕಡಿದುಕೊಟ್ಟ ವೃದ್ಧ ರೈತರೊಬ್ಬರು, ಕೆಲಸ ಮುಗಿದ ಮೇಲೆ ನೆರಳಿನಲ್ಲಿ ಕುಳಿತು, ತಮ್ಮ ಸೊಂಟದಲ್ಲಿದ್ದ ಬೆಳ್ಳಿಯ ಉಡಿದಾರವನ್ನು ತೋರಿಸಿದರು. "ಇದು ನಮ್ಮಪ್ಪಂದು ಸ್ವಾಮಿ. ನಂಗೂ ಸರಿಯಾಗದೆ. ನನ್ ಮಗನಿಗೆ ಮಾತ್ರ ಸಾಲ್ದು. ಅಕ್ಕಸಾಲಿ ತಾವ ಕೊಂಡಿ ಹಾಕ್ಸಬೇಕು. ಹಂಗಂತ ಅವನೇನು ದಪ್ಪ ಅಲ್ಲ, ಕೈಕಾಲು ನೋಡಿದ್ರೆ ಸಣ್ಕಲು. ನಲವತ್ತಾಗ್ನಿಲ್ಲ, ಆಗ್ಲೇ ಸಕ್ಕರೆ ಕಾಯಿಲೆ. ಇದ್ಯಾಕ್ ಸ್ವಾಮಿ?" ಎಂದು ಅವರು ಕೇಳಿದರು. ಶಾಸನದ ಪಾಠವು ಅಂದೇ ಬಗೆಹರಿಯಿತು. ಈ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಉತ್ತರವಿರಲಿಲ್ಲ.

ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಈ ದೇಹರಚನೆಗೂ ಮಧುಮೇಹ ಹೃದ್ರೋಗಗಳಿಗೂ ಇರುವ ಸಂಬಂಧವು ಹೇಗೆ ತಿಳಿದುಬಂದಿತು, ಆ ತಿಳಿವಳಿಕೆಗೆ ನಮ್ಮ ಮೈಸೂರು ಸೀಮೆಯ ಕಾಣಿಕೆಯೇನು, ಈ ನಾಲ್ಕು ತಾಲ್ಲೂಕುಗಳ ಆರ್ಥಿಕ ಚರಿತ್ರೆಯು ಇದಕ್ಕೆ ಎಷ್ಟರಮಟ್ಟಿಗೆ ಬೆಳಕು ಕೊಡಬಲ್ಲುದು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ನಾವು ವೈದ್ಯರಲ್ಲ, ವೈದ್ಯರು ಸ್ಥಾಪಿಸಿರುವ ಸಂಗತಿಗಳನ್ನು ಚರಿತ್ರಕಾರನ ದೃಷ್ಟಿಯಿಂದ ಕ್ರಮಗೊಳಿಸುವುದಷ್ಟೇ ನಮ್ಮ ಉದ್ದೇಶ.

2. ಹಿಂದಿನವರ ತಿಳಿವು

ಹೊಟ್ಟೆಯ ಬೊಜ್ಜನ್ನು ರೋಗದ ಕಾರಣವೆಂದು ಗುರುತಿಸಿದುದು ಆಧುನಿಕರೇ ಮೊದಲಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವು ನಿಂದ್ಯರಾದ ಎಂಟು ಬಗೆಯ ದೇಹಗಳನ್ನು ಹೇಳಿ, ಅವುಗಳಲ್ಲಿ ಅತಿಸ್ಥೂಲ ಮತ್ತು ಅತಿಕೃಶ ಎಂಬ ಎರಡನ್ನು ವಿಶೇಷವಾಗಿ ವಿವರಿಸುತ್ತದೆ. ಅತಿಸ್ಥೂಲನ ಲಕ್ಷಣವನ್ನು ಹೇಳುವಾಗ ಗ್ರಂಥಕಾರನು ತೂಕವನ್ನು ಎತ್ತುವುದಿಲ್ಲ; ನಡೆದಾಗ ಅಲುಗಾಡುವ ನಿತಂಬ, ಉದರ, ಸ್ತನಗಳನ್ನು ಹೇಳುತ್ತಾನೆ. ಕೊಬ್ಬು ಎಲ್ಲಿದೆ ಎಂಬುದೇ ಅವನಿಗೆ ಕಂಡ ಗುರುತು. ಹೆಚ್ಚು ಉಣ್ಣುವುದು, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ದೆ ಇವುಗಳೊಡನೆ ಬೀಜಸ್ವಭಾವವನ್ನೂ, ಎಂದರೆ ತಾಯಿತಂದೆಗಳಿಂದ ಬಂದ ಗುಣವನ್ನೂ, ಅವನು ಕಾರಣಗಳಲ್ಲಿ ಸೇರಿಸುತ್ತಾನೆ. ಸುಶ್ರುತಸಂಹಿತೆಯು ಪ್ರಮೇಹವನ್ನು ಸಹಜವೆಂದೂ ಅಪಥ್ಯದಿಂದ ಬಂದುದೆಂದೂ ವಿಂಗಡಿಸಿ, ಮೊದಲನೆಯವನು ಕೃಶನಾಗಿಯೂ ಎರಡನೆಯವನು ಸ್ಥೂಲನಾಗಿಯೂ ಇರುವನೆಂದು ಹೇಳುತ್ತದೆ.

ಶಾಸ್ತ್ರದ ಮಾತು ಹೀಗಿರಲು ಲೋಕದ ಭಾವನೆಯು ಬೇರೆಯಾಗಿದ್ದಿತು. ಹೊಸಹೊಳಲು, ಕಿಕ್ಕೇರಿ, ನಾಗಮಂಗಲಗಳಲ್ಲಿ ಹೊಯ್ಸಳರ ಕಾಲದ ದೇವಾಲಯಗಳನ್ನುಳ್ಳ ಈ ನಾಡಿನಲ್ಲಿ ವಿಘ್ನನಿವಾರಕನು ಲಂಬೋದರ, ಧನಾಧಿಪತಿಯಾದ ಕುಬೇರನು ಡೊಳ್ಳುಹೊಟ್ಟೆಯವನು. ಹೊಟ್ಟೆಯು ಸಮೃದ್ಧಿಯ ಚಿಹ್ನೆ. ವರ್ಷದಲ್ಲಿ ಕೆಲವು ತಿಂಗಳು ಕಣಜ ಬರಿದಾಗುತ್ತಿದ್ದ ರೈತನಿಗೆ ಹೊಟ್ಟೆ ಬಂದವನು ಪುಣ್ಯವಂತನಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಇಂದಿಗೂ ನಮ್ಮ ಹಳ್ಳಿಗಳಲ್ಲಿ, ಮದುವೆಯಾದ ವರುಷದೊಳಗೆ ಗಂಡಿಗೆ ಹೊಟ್ಟೆ ಬಂದರೆ ಮಾವನ ಮನೆಯ ಊಟ ಮೈಗೆ ಹತ್ತಿತೆಂದು ಮೆಚ್ಚಿ ಮಾತಾಡುವುದುಂಟು. ಈ ಭಾವನೆಯ ಭಾರವನ್ನು ಮರೆತರೆ ಮುಂದಿನ ಕಥೆಯು ಅರ್ಥವಾಗಲಾರದು.

3. ತೂಕದಿಂದ ಸೊಂಟದ ಅಳತೆಗೆ

ಬೆಲ್ಜಿಯಂ ದೇಶದ ಗಣಿತಜ್ಞನಾದ ಅಡಾಲ್ಫ್ ಕೆಟ್ಲೆಯು 1830ರ ದಶಕದಲ್ಲಿ ಮನುಷ್ಯನ ತೂಕವು ಅವನ ಎತ್ತರದ ವರ್ಗಕ್ಕೆ ಅನುಗುಣವಾಗಿರುವುದನ್ನು ತೋರಿಸಿದನು. ಕಿಲೋಗ್ರಾಮುಗಳಲ್ಲಿನ ತೂಕವನ್ನು ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿ ಬರುವ ಈ ಸೂಚ್ಯಂಕಕ್ಕೆ 1972ರಲ್ಲಿ ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿದ್ವಾಂಸರು ಈಗ ರೂಢಿಯಲ್ಲಿರುವ ಹೆಸರನ್ನು ಕೊಟ್ಟರು. ಲೆಕ್ಕವು ಸುಲಭವಾದುದರಿಂದ ಜಗತ್ತಿನ ಎಲ್ಲ ಆಸ್ಪತ್ರೆಗಳಲ್ಲಿಯೂ ಅದು ನೆಲೆಯೂರಿತು. ಆದರೆ ತಕ್ಕಡಿಗೆ ಒಂದು ಕುಂದುಂಟು: ಅದು ಸ್ನಾಯುವನ್ನೂ ಕೊಬ್ಬನ್ನೂ ಬೇರ್ಪಡಿಸಿ ತೂಗಲಾರದು, ಕೊಬ್ಬು ತೊಡೆಯಲ್ಲಿದೆಯೋ ಹೊಟ್ಟೆಯಲ್ಲಿದೆಯೋ ಹೇಳಲಾರದು.

ಈ ಕುಂದನ್ನು ಎತ್ತಿ ತೋರಿಸಿದವರು ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಜಾನ್ ವಾಗ್. ಸ್ಥೂಲಕಾಯದವರಲ್ಲಿ ಮೈಯ ಮೇಲ್ಭಾಗದಲ್ಲಿ ಕೊಬ್ಬು ಸೇರಿದವರು ಮಧುಮೇಹಕ್ಕೂ ರಕ್ತನಾಳಗಳ ಕಾಯಿಲೆಗೂ ಹೆಚ್ಚಾಗಿ ತುತ್ತಾಗುವರೆಂದೂ, ಸೊಂಟದ ಕೆಳಗೆ ತೊಡೆಗಳಲ್ಲಿ ಕೊಬ್ಬು ಸೇರಿದವರು ಅಷ್ಟಾಗಿ ಆಗುವುದಿಲ್ಲವೆಂದೂ ಅವರು 1947ರಲ್ಲಿ ಬರೆದರು. ಮೊದಲನೆಯದನ್ನು ಪುರುಷಮಾದರಿಯೆಂದೂ ಎರಡನೆಯದನ್ನು ಸ್ತ್ರೀಮಾದರಿಯೆಂದೂ ಕರೆದರು. ಈ ಮಾತನ್ನು ಬಹುಕಾಲ ಯಾರೂ ಅಷ್ಟಾಗಿ ಲೆಕ್ಕಿಸಲಿಲ್ಲ. 1984ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಿಂದ ಎರಡು ಅಧ್ಯಯನಗಳು ಹೊರಬಿದ್ದವು. ಒಂದರಲ್ಲಿ 54 ವರ್ಷ ವಯಸ್ಸಿನ 792 ಪುರುಷರನ್ನೂ ಮತ್ತೊಂದರಲ್ಲಿ 1,462 ಸ್ತ್ರೀಯರನ್ನೂ ಹತ್ತು ವರ್ಷಕ್ಕೂ ಮಿಕ್ಕಿ ಗಮನಿಸಲಾಗಿದ್ದಿತು. ಸೊಂಟದ ಸುತ್ತಳತೆಗೂ ನಿತಂಬದ ಸುತ್ತಳತೆಗೂ ಇರುವ ಅನುಪಾತವು ಹೃದ್ರೋಗವನ್ನು ತೂಕಕ್ಕಿಂತ ಚೆನ್ನಾಗಿ ಸೂಚಿಸುವುದೆಂದು ಅವುಗಳಿಂದ ವಿದಿತವಾಯಿತು. ಅದೇ ದಶಕದಲ್ಲಿ ಜಪಾನಿನ ವೈದ್ಯರು ಕ್ಷಕಿರಣದ ಸಿ.ಟಿ. ಯಂತ್ರದಿಂದ ಹೊಟ್ಟೆಯ ಅಡ್ಡಸೀಳಿಕೆಯ ಚಿತ್ರಗಳನ್ನು ತೆಗೆದು, ಚರ್ಮದಡಿಯ ಕೊಬ್ಬನ್ನೂ ಕರುಳುಗಳ ಸುತ್ತಣ ಕೊಬ್ಬನ್ನೂ ಪ್ರತ್ಯೇಕವಾಗಿ ಅಳೆದರು. 1988ರಲ್ಲಿ ಅಮೆರಿಕದ ಜೆರಾಲ್ಡ್ ರೀವನ್ ಅವರು ಇನ್ಸುಲಿನ್ನಿಗೆ ಮೈ ಮಣಿಯದಿರುವುದು, ಏರಿದ ರಕ್ತದೊತ್ತಡ, ರಕ್ತದ ಕೊಬ್ಬಿನ ಏರುಪೇರು ಇವೆಲ್ಲವೂ ಒಂದೇ ಗುಂಪಿಗೆ ಸೇರಿದವೆಂದು ಪ್ರತಿಪಾದಿಸಿದರು.

ಇದುವರೆಗಿನ ವಿಚಾರವೆಲ್ಲ ಹೊರನಾಡಿನ ಜನರನ್ನು ಕುರಿತದ್ದು. ನಮ್ಮವರ ಪ್ರಶ್ನೆ ಎದ್ದುದು 1991ರಲ್ಲಿ. ಲಂಡನ್ನಿನಲ್ಲಿ ನೆಲಸಿದ್ದ ಭಾರತೀಯ ಉಪಖಂಡದ ಜನರಲ್ಲಿ ಮಧುಮೇಹ ಹೃದ್ರೋಗಗಳು ಅಲ್ಲಿನವರಿಗಿಂತ ಹೆಚ್ಚಾಗಿರುವುದನ್ನೂ, ಅದರೊಡನೆ ಹೊಟ್ಟೆಯ ಕೊಬ್ಬೂ ಇನ್ಸುಲಿನ್ನಿಗೆ ಮಣಿಯದಿರುವಿಕೆಯೂ ಹೆಚ್ಚಾಗಿರುವುದನ್ನೂ ಪಾಲ್ ಮೆಕೀಗ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅವರು ತಮ್ಮ ಮೈಗಳನ್ನೇ ಅಳೆದು ಒಂದು ಪುಟ್ಟ ಟಿಪ್ಪಣಿಯನ್ನು ಪ್ರಕಟಿಸಿದರು. ಇಬ್ಬರ ಎತ್ತರ-ತೂಕದ ಸೂಚ್ಯಂಕವೂ 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕರ ಮೈಯಲ್ಲಿ ಶೇಕಡ 21.2. ತಕ್ಕಡಿಯ ಸಾಕ್ಷ್ಯವನ್ನು ಇದಕ್ಕಿಂತ ಸರಳವಾಗಿ ಪ್ರಶ್ನಿಸುವುದು ಸಾಧ್ಯವಿಲ್ಲ. ಅನಂತರ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ಅಧ್ಯಯನವು, ಹೃದಯಾಘಾತದೊಡನೆ ಸೊಂಟ-ನಿತಂಬಗಳ ಅನುಪಾತಕ್ಕಿರುವ ಸಂಬಂಧವು ತೂಕದ ಸೂಚ್ಯಂಕಕ್ಕಿರುವ ಸಂಬಂಧಕ್ಕಿಂತ ಬಲವಾದುದೆಂದು 2005ರಲ್ಲಿ ಖಚಿತಪಡಿಸಿತು. ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವು ಸರಾಸರಿ 53ನೆಯ ವಯಸ್ಸಿನಲ್ಲಿ, ಇತರರಿಗೆ ಸುಮಾರು 59ರಲ್ಲಿ ಆಗುವುದೆಂಬ ಸಂಗತಿಯೂ ಅದರಿಂದಲೇ ತಿಳಿಯಿತು. ಈ ಆರು ವರ್ಷಗಳ ಅಂತರವು ಒಂದು ಕುಟುಂಬದಲ್ಲಿ ಮಗಳ ಮದುವೆ, ಮಗನ ವಿದ್ಯಾಭ್ಯಾಸ, ತೀರದ ಸಾಲ ಇವುಗಳ ಅಂತರವೆಂಬುದನ್ನು ಹೇಳಬೇಕಾಗಿಲ್ಲ.

4. ಒಡಲ ಕೊಬ್ಬಿನ ಸ್ವರೂಪ

ಹೊಟ್ಟೆಯ ಕೊಬ್ಬಿಗೆ ಇಷ್ಟು ಪ್ರಾಧಾನ್ಯವೇಕೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಕೊಬ್ಬು ಸ್ವಭಾವತಃ ಕೆಟ್ಟ ವಸ್ತುವಲ್ಲ. ಅದು ದೇಹದ ಕಣಜ. ಸುಗ್ಗಿಯಲ್ಲಿ ತುಂಬಿ ಬರದಲ್ಲಿ ಬರಿದಾಗುವುದು ಅದರ ಧರ್ಮ. ಚರ್ಮದಡಿಯಲ್ಲಿ, ಮುಖ್ಯವಾಗಿ ತೊಡೆ ಮತ್ತು ನಿತಂಬಗಳಲ್ಲಿ, ಈ ಕಣಜವು ತಕ್ಕಷ್ಟು ವಿಶಾಲವಾಗಿದ್ದರೆ ಮಿಕ್ಕ ಆಹಾರವು ಅಲ್ಲಿ ನಿರುಪದ್ರವವಾಗಿ ನಿಲ್ಲುತ್ತದೆ. ಆ ಕಣಜವು ಚಿಕ್ಕದಾದರೆ ಅಥವಾ ತುಂಬಿಹೋದರೆ, ಮಿಕ್ಕುದು ಒಡಲೊಳಗೆ ಕರುಳುಗಳ ಸುತ್ತಲೂ, ಯಕೃತ್ತಿನೊಳಗೂ, ಸ್ನಾಯುಗಳಲ್ಲಿಯೂ ಸೇರುತ್ತದೆ.

ಕರುಳುಗಳ ಸುತ್ತ ಸೇರಿದ ಕೊಬ್ಬು ಸುಮ್ಮನೆ ಕುಳಿತಿರುವುದಿಲ್ಲ. ಅದು ಕೊಬ್ಬಿನ ಆಮ್ಲಗಳನ್ನು ಬೇಗ ಬಿಡುಗಡೆ ಮಾಡುತ್ತದೆ. ಆ ಭಾಗದ ರಕ್ತವು ನೇರವಾಗಿ ಯಕೃತ್ತಿಗೆ ಹರಿಯುವುದರಿಂದ ಮೊದಲ ಪೆಟ್ಟು ಯಕೃತ್ತಿಗೇ ಬೀಳುತ್ತದೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನಿನ ಆಜ್ಞೆಗೆ ಸರಿಯಾಗಿ ಮಣಿಯದೆ, ಬೇಡದಿರುವಾಗಲೂ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಮೇದೋಜೀರಕಾಂಗವು ಮತ್ತಷ್ಟು ಇನ್ಸುಲಿನ್ನನ್ನು ಒದಗಿಸಿ ಕೆಲಕಾಲ ಸಂಭಾಳಿಸುತ್ತದೆ. ದಣಿದಾಗ ಮಧುಮೇಹವು ಹೊರಗೆ ಕಾಣುತ್ತದೆ. ಇದರೊಡನೆ ರಕ್ತದಲ್ಲಿ ಟ್ರೈಗ್ಲಿಸರೈಡುಗಳು ಏರುತ್ತವೆ. ಒಳ್ಳೆಯದೆನ್ನಿಸಿಕೊಂಡ ಕೊಲೆಸ್ಟರಾಲ್ ಇಳಿಯುತ್ತದೆ. ಒಡಲ ಕೊಬ್ಬು ಉರಿಯೂತವನ್ನುಂಟುಮಾಡುವ ದ್ರವ್ಯಗಳನ್ನೂ ಸ್ರವಿಸುವುದರಿಂದ ರಕ್ತನಾಳಗಳ ಒಳಪದರವು ಕೆಡುತ್ತದೆ, ರಕ್ತದೊತ್ತಡವೂ ಏರುತ್ತದೆ. ಹೃದಯಕ್ಕೆ ರಕ್ತವನ್ನೊದಗಿಸುವ ನಾಳಗಳು ಹೀಗೆ ವರ್ಷಗಟ್ಟಲೆ ಸದ್ದಿಲ್ಲದೆ ಕಿರಿದಾಗುತ್ತವೆ. ಸ್ತ್ರೀಯರಿಗೆ ಮುಟ್ಟು ನಿಲ್ಲುವವರೆಗೆ ಸ್ವಲ್ಪ ರಕ್ಷಣೆಯುಂಟು. ಆ ಬಳಿಕ ಅವರಲ್ಲಿಯೂ ಕೊಬ್ಬು ಹೊಟ್ಟೆಯ ಕಡೆಗೆ ಸರಿಯುತ್ತದೆ.

ನಮ್ಮವರಿಗೆ ಯಾವ ಅಳತೆಯು ಎಚ್ಚರಿಕೆಯ ಗೆರೆಯೆಂಬುದೂ ನಿರ್ಧಾರವಾಗಿದೆ: ಪುರುಷರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರು, ಸ್ತ್ರೀಯರಿಗೆ 80 ಸೆಂಟಿಮೀಟರು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರನ್ನು ಸಹಜವಾಗಿ ಬಿಟ್ಟಾಗ, ಟೇಪನ್ನು ಬಿಗಿಯದೆ ಹಿಡಿದು ಅಳೆಯಬೇಕು. ಉಡಿದಾರವಾಗಲಿ ಪಂಚೆಯಾಗಲಿ ಷರಾಯಿಯಾಗಲಿ ಹೊಟ್ಟೆಯ ಕೆಳಗೆ ಇಳಿದು ನಿಲ್ಲುವುದರಿಂದ ಅವುಗಳ ಅಳತೆಯು ನಿಜವಾದ ಅಳತೆಗಿಂತ ಕಡಮೆಯಾಗಿರುವುದೇ ಹೆಚ್ಚು. ಆದಕಾರಣ ನಾಗಮಂಗಲದ ಆ ವೃದ್ಧರ ಉಡಿದಾರವೂ ಮಗನ ಹೊಟ್ಟೆಯನ್ನು ಕಡಮೆಮಾಡಿಯೇ ಹೇಳಿತೆಂದು ತಿಳಿಯಬೇಕು.

5. ಮೈಸೂರಿನ ಜನನ ದಾಖಲೆಗಳು

ಇನ್ನು ಎರಡನೆಯ ಪ್ರಶ್ನೆ. ಚರ್ಮದಡಿಯ ಕಣಜವು ಕೆಲವರಲ್ಲಿ ಚಿಕ್ಕದಾಗಿರುವುದೇಕೆ? ಇದಕ್ಕೆ ದೊರೆತಿರುವ ಉತ್ತರದ ಒಂದು ಮುಖ್ಯ ಭಾಗವು ಶ್ರೀರಂಗಪಟ್ಟಣಕ್ಕೆ ಕೂಗಳತೆಯಲ್ಲಿರುವ ಮೈಸೂರು ನಗರದ ಹಳೆಯ ದಾಖಲೆಪುಸ್ತಕಗಳಿಂದ ಬಂದಿತೆಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆ ವಿಶೇಷ ಸಂತೋಷದ ವಿಷಯ.

ಮಿಷನ್ ಆಸ್ಪತ್ರೆಯೆಂದು ಜನರು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಇವುಗಳನ್ನು ಬರೆದಿಟ್ಟ ಪುಸ್ತಕಗಳು ಉಳಿದುಬಂದಿದ್ದವು. ಹುಟ್ಟುವಾಗ ಸಣ್ಣಗಿದ್ದವರಿಗೆ ಮುಪ್ಪಿನಲ್ಲಿ ಹೃದ್ರೋಗ ಹೆಚ್ಚೆಂಬುದನ್ನು ಇಂಗ್ಲೆಂಡಿನ ಇಂತಹವೇ ದಾಖಲೆಗಳಿಂದ ಡೇವಿಡ್ ಬಾರ್ಕರ್ ಅವರು ತೋರಿಸಿದ್ದರು. ಅವರ ಬಳಗದವರು ಮೈಸೂರಿನ ವೈದ್ಯರೊಡನೆ ಕೂಡಿ, 1934 ಮತ್ತು 1954ರ ನಡುವೆ ಈ ಆಸ್ಪತ್ರೆಯಲ್ಲಿ ಹುಟ್ಟಿ ಅದರ ಸಮೀಪದಲ್ಲಿಯೇ ವಾಸವಾಗಿದ್ದ 517 ಮಂದಿ ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶವು ಹೀಗಿದ್ದಿತು: ಹುಟ್ಟಿದಾಗ 2.5 ಕಿಲೋಗ್ರಾಮು ಅಥವಾ ಅದಕ್ಕಿಂತ ಕಡಮೆ ತೂಗಿದವರಲ್ಲಿ ಹೃದಯದ ರಕ್ತನಾಳಗಳ ರೋಗವು ಶೇಕಡ 11, 3.1 ಕಿಲೋಗ್ರಾಮಿಗೆ ಮೇಲ್ಪಟ್ಟವರಲ್ಲಿ ಶೇಕಡ 3. ಹುಟ್ಟಿನ ತೂಕವೂ ಕಡಮೆ, ತಾಯಿಯ ತೂಕವೂ 45 ಕಿಲೋಗ್ರಾಮಿಗಿಂತ ಕಡಮೆಯಾಗಿದ್ದವರಲ್ಲಿ ಅದು ಶೇಕಡ 20ಕ್ಕೆ ಏರಿತ್ತು.

ಮಧುಮೇಹದ ವಿಷಯದಲ್ಲಿ ಮೈಸೂರಿನ ದಾಖಲೆಗಳು ಬೇರೊಂದು ಮಾತನ್ನು ಹೇಳಿದವು. 1998ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ ಮಧುಮೇಹಿಗಳಾದವರು ತೂಕ ಕಡಮೆಯಾಗಿ ಹುಟ್ಟಿದವರಾಗಿರಲಿಲ್ಲ. ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಾಗಿದ್ದರು. ಅವರ ತಾಯಂದಿರೂ ಸರಾಸರಿಗಿಂತ ಹೆಚ್ಚು ತೂಕದವರಾಗಿದ್ದರು. ಎಂದರೆ ತಾಯಿಯ ಹಸಿವು ಒಂದು ದಾರಿ, ತಾಯಿಯ ರಕ್ತದಲ್ಲಿನ ಸಕ್ಕರೆ ಇನ್ನೊಂದು ದಾರಿ. ಎರಡೂ ಮಗುವಿನ ಮುಂದಿನ ಬಾಳಿಗೆ ತಲುಪುತ್ತವೆ. ಈ ಎರಡನೆಯ ದಾರಿಯನ್ನು ಅರಿಯುವುದಕ್ಕಾಗಿ ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಎಂಬ ಅಧ್ಯಯನವನ್ನು ಆರಂಭಿಸಲಾಯಿತು. ಆ ತಾಯಂದಿರ ಮಕ್ಕಳನ್ನು ಮುಂದೆ ಹಲವು ವರ್ಷ ಅಳೆಯುತ್ತ ಬರಲಾಯಿತು. ಮೈಸೂರಿನ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ಎಲ್ಲ ಅಳತೆಗಳಲ್ಲಿಯೂ ಚಿಕ್ಕವಾಗಿದ್ದರೂ, ಬೆನ್ನಿನ ಹೆಗಲೆಲುಬಿನ ಕೆಳಗಣ ಕೊಬ್ಬಿನ ಮಡಿಕೆಯು ಮಾತ್ರ ಅಷ್ಟಾಗಿ ಕುಗ್ಗಿರಲಿಲ್ಲ; ನಾಲ್ಕು ವರ್ಷ ವಯಸ್ಸಿನಲ್ಲಿ ಆ ಮಡಿಕೆಯು ಬ್ರಿಟನ್ನಿನ ಮಕ್ಕಳದಕ್ಕಿಂತ ದಪ್ಪವಾಗಿದ್ದಿತು. ಪುಣೆಯ ಬಳಿಯ ಹಳ್ಳಿಗಳಲ್ಲಿಯೂ ಇದೇ ಕಂಡಿತು: ಅಲ್ಲಿನ ಶಿಶುಗಳ ಸರಾಸರಿ ತೂಕ 2.7 ಕಿಲೋಗ್ರಾಮು, ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳದು 3.5, ಸ್ನಾಯುವಿನಲ್ಲಿ ಬಡವು, ನಡುಮೈಯ ಕೊಬ್ಬಿನಲ್ಲಿ ಬಡವಲ್ಲ. ಡಾ. ಯಾಜ್ಞಿಕರು ಇದನ್ನು ತೆಳ್ಳಗಿದ್ದೂ ಕೊಬ್ಬಿದ ಶಿಶುವೆಂದು ವರ್ಣಿಸಿದ್ದಾರೆ. ಕೃಶನೆಂದೂ ಸ್ಥೂಲನೆಂದೂ ಸುಶ್ರುತನು ಮಾಡಿದ ವಿಭಾಗದಲ್ಲಿ ಈ ದೇಹಕ್ಕೆ ಸ್ಥಾನವಿಲ್ಲ. ಇದು ಎರಡೂ ಹೌದು.

6. ಗದ್ದೆ ಮತ್ತು ಬೆದ್ದಲು

ಇಂತಹ ಮೈಯೊಡನೆ ಹುಟ್ಟಿದವರು ಎಂತಹ ನಾಡಿನಲ್ಲಿ ಬೆಳೆದರೆಂಬುದೇ ಮೂರನೆಯ ಪ್ರಶ್ನೆ. ಈ ಸೀಮೆಯ ಶಾಸನಗಳಲ್ಲಿ ಭೂಮಿಯನ್ನು ಗದ್ದೆ, ಬೆದ್ದಲು ಎಂದು ವಿಭಾಗಿಸಿರುವುದನ್ನು ಎಲ್ಲರೂ ಬಲ್ಲರು. ನೀರಿನ ಆಸರೆಯುಳ್ಳದ್ದು ಗದ್ದೆ, ಮಳೆಯನ್ನೇ ನಂಬಿದ್ದು ಬೆದ್ದಲು. ಗದ್ದೆಯಲ್ಲಿ ಭತ್ತ ಮತ್ತು ಕಬ್ಬು. ಬೆದ್ದಲಿನಲ್ಲಿ ರಾಗಿ, ಹುರುಳಿ, ಅವರೆ, ಎಳ್ಳು. ನಮ್ಮ ನಾಲ್ಕು ತಾಲ್ಲೂಕುಗಳು ಈ ಎರಡರ ನಡುವೆ ಹಂಚಿಕೊಂಡಿದ್ದವು. ಕಾವೇರಿಯ ದಡದ ಶ್ರೀರಂಗಪಟ್ಟಣದಲ್ಲಿ ಒಡೆಯರ ಕಾಲದಿಂದಲೂ ಕಾಲುವೆಗಳಿದ್ದವು. ಚಿಕ್ಕದೇವರಾಜ ಒಡೆಯರ (1673-1704) ಹೆಸರಿನ ನಾಲೆ ಇಂದಿಗೂ ಹರಿಯುತ್ತಿದೆ. ಕೃಷ್ಣರಾಜಪೇಟೆಯಲ್ಲಿ ಹೇಮಾವತಿಗೆ ಅಡ್ಡಲಾಗಿ ಮಂದಗೆರೆಯ ಅಣೆಕಟ್ಟಿದ್ದಿತು. ನಾಗಮಂಗಲವಾದರೋ ಕೆರೆಗಳನ್ನೂ ಮಳೆಯನ್ನೂ ನೆಚ್ಚಿದ ಬೆದ್ದಲಿನ ಸೀಮೆ.

ಮಳೆ ಕೈಕೊಟ್ಟಾಗ ಏನಾಗುತ್ತಿತ್ತೆಂಬುದಕ್ಕೆ 1876-78ರ ಕ್ಷಾಮವು ಸಾಕ್ಷಿ. ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರ ಗಣತಿಯಲ್ಲಿ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನವು ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕುಗ್ಗಿತು. ಇಂದಿನ ವೃದ್ಧರ ಮುತ್ತಜ್ಜಂದಿರ ಕಾಲದ ಮಾತಿದು. ಚರಿತ್ರೆಯ ಅಳತೆಯಲ್ಲಿ ಬಹು ಹಿಂದಿನದಲ್ಲ.

ಅನಂತರದ ಬದಲಾವಣೆಯು ತೀವ್ರವಾದುದು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯು 1930ರ ದಶಕದ ಆರಂಭದ ವೇಳೆಗೆ ಮುಗಿಯಿತು. ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಯು ಹುಲಿಕೆರೆಯ ಸುರಂಗವನ್ನು ಹಾದು ಬಯಲಿಗೆ ಇಳಿಯಿತು. ಸಕ್ಕರೆಯ ಉದ್ಯಮಕ್ಕೆ ಈ ಸೀಮೆಯು ಹೊಸದಲ್ಲ. ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ 1847ರಲ್ಲಿಯೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯು ರೈತರ ಬೆಲ್ಲವನ್ನು ಶುದ್ಧಿಮಾಡುತ್ತಿದ್ದಿತು. ಆದರೆ ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾದ ಮೇಲೆ ಕಬ್ಬು ಸೀಮೆಯ ಮುಖ್ಯ ಹಣದ ಬೆಳೆಯಾಯಿತು. ಮುಂದೆ ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆಯೂ ನಡೆಯಿತು. ಆಲೆಮನೆಗಳ ಹೊಗೆ ಎಲ್ಲೆಡೆ ಎದ್ದಿತು. 1979ರಲ್ಲಿ ಗೊರೂರಿನ ಹೇಮಾವತಿ ಜಲಾಶಯವು ಪೂರ್ಣಗೊಂಡ ಬಳಿಕ ಕೃಷ್ಣರಾಜಪೇಟೆ ನಾಗಮಂಗಲಗಳ ಕೆಲವು ಬೆದ್ದಲುಗಳಿಗೂ ನಾಲೆಯ ನೀರು ಬಂದಿತು. 1954ರಿಂದ 1956ರವರೆಗೆ ಮಂಡ್ಯದ ಸಮೀಪದ ನೀರಾವರಿಯ ಹಳ್ಳಿಯೊಂದನ್ನೂ ನೀರಿಲ್ಲದ ಹಳ್ಳಿಯೊಂದನ್ನೂ ಅಭ್ಯಾಸಮಾಡಿದ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರು, ನೀರು ಬಂದ ಹಳ್ಳಿಯು ಬೇಸಾಯದಲ್ಲಿಯೇ ಏಳಿಗೆ ಹೊಂದಿದುದನ್ನೂ ನೀರು ಬಾರದ ಹಳ್ಳಿಯವರು ಹೊರಗಿನ ಉದ್ಯೋಗಗಳಿಗೆ ಕೈಹಾಕಿದುದನ್ನೂ ವಿವರಿಸಿದ್ದಾರೆ. ಎರಡು ದಾರಿಗಳಿಂದಲೂ ಹಣವು ಹಳ್ಳಿಗೆ ಬಂದಿತು.

ಉಣಿಸು ಬದಲಾಯಿತು. ರಾಗಿಯ ಹಿಟ್ಟು, ಉಪ್ಪುಸಾರು, ಸೊಪ್ಪು, ಹುರುಳಿ ಇವು ನಿತ್ಯದ ಊಟವಾಗಿದ್ದು, ಅನ್ನವು ಹಬ್ಬಕ್ಕೂ ನೆಂಟರಿಗೂ ಮೀಸಲಾಗಿದ್ದ ಕಾಲವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಕನಕದಾಸರು ರಾಮಧಾನ್ಯಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ವಾದವನ್ನು ಹೂಡಿ ರಾಗಿಯನ್ನು ಗೆಲ್ಲಿಸಿದರು. ಗದ್ದೆಯ ಸೀಮೆಯ ಗಂಗಳದಲ್ಲಿ ಮಾತ್ರ ಭತ್ತವೇ ಗೆಲ್ಲುತ್ತ ಬಂದಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಸೃಷ್ಟಿಸಿ ರಾಗಿಯ ಇಳುವರಿಯನ್ನು ಹೆಚ್ಚಿಸಿದರೂ ಈ ಒಲವು ಪೂರ್ತಿ ತಿರುಗಲಿಲ್ಲ. ಪಾಲಿಷ್ ಮಾಡಿದ ಅಕ್ಕಿ, ಸಕ್ಕರೆ ಹಾಕಿದ ಕಾಫಿ ಟೀ, ಬೇಕರಿಯ ತಿನಿಸು, ಕರಿದ ಎಣ್ಣೆ ಇವು ದಿನದ ಮಾತಾದವು. ರಾಗಿಯೇ ಸಕಲ ರೋಗಕ್ಕೂ ಮದ್ದೆಂದು ನಾವು ಹೇಳುತ್ತಿಲ್ಲ; ದೊಡ್ಡ ಮುದ್ದೆಯೂ ಪಿಷ್ಟವೇ. ಆದರೆ ಹಿಂದಿನ ಊಟದಲ್ಲಿ ಮುದ್ದೆಯೊಡನೆ ಕಾಳು ಸೊಪ್ಪುಗಳೂ ಇದ್ದವು. ಅದನ್ನು ಕರಗಿಸುವ ದುಡಿಮೆಯೂ ಇದ್ದಿತು.

ದುಡಿಮೆಯ ಈ ಬದಲಾವಣೆಯನ್ನು ನಾವು ಉಣಿಸಿನಷ್ಟೇ ಮುಖ್ಯವೆಂದು ಭಾವಿಸುತ್ತೇವೆ. ಕಪಿಲೆಯ ಬದಲು ಪಂಪುಸೆಟ್ಟು, ನೇಗಿಲಿನ ಬದಲು ಟ್ರಾಕ್ಟರು, ಸಂತೆಗೆ ನಡೆಯುವುದರ ಬದಲು ಮೋಟಾರು ಬೈಕು ಬಂದುವು. ಹೆಂಗಸರ ವಿಷಯದಲ್ಲಿ ಚರಿತ್ರಕಾರರು ಇನ್ನೂ ಹೆಚ್ಚು ಗಮನವಿಡಬೇಕು. ಕೋಳಿ ಕೂಗುವ ಮೊದಲೇ ಎದ್ದು ರಾಗಿಕಲ್ಲಿನ ಮುಂದೆ ಕುಳಿತು ಬೀಸುತ್ತಿದ್ದುದು, ಒನಕೆಯಿಂದ ಭತ್ತವನ್ನು ಕುಟ್ಟುತ್ತಿದ್ದುದು, ಕೆರೆಯಿಂದ ನೀರು ಹೊರುತ್ತಿದ್ದುದು ಇವು ಕಠಿಣವಾದ ದುಡಿಮೆಗಳು. ಹಿಟ್ಟಿನ ಗಿರಣಿಯೂ ನಲ್ಲಿಯೂ ಬಂದುದು ಅವರ ಪಾಲಿಗೆ ದೊಡ್ಡ ಬಿಡುಗಡೆ. ಆ ಬಿಡುಗಡೆಯನ್ನು ಯಾರೂ ಹಿಂದಕ್ಕೆ ಕೇಳಲಾರರು. ಆದರೆ ಗಂಡಸರಿಗೆ ಬೆಳಗಿನ ಹೊತ್ತು ಕೆರೆಯ ಏರಿಯ ಮೇಲೆ ನಡೆದಾಡಲು ಇರುವ ಅವಕಾಶವು ಹಳ್ಳಿಯ ಸೊಸೆಗೆ ಇಲ್ಲವೆಂಬುದನ್ನು ಮರೆಯಬಾರದು.

7. ಒಂದು ಎಚ್ಚರಿಕೆ

ಮೇಲ್ಕಂಡ ಸಂಗತಿಗಳನ್ನು ಒಟ್ಟಿಗೆ ಇಟ್ಟಾಗ, ಕ್ಷಾಮವು ತೆಳ್ಳಗಿನ ಮೈಯನ್ನು ಕೊಟ್ಟಿತು, ನಾಲೆಯು ಹೊಟ್ಟೆಯನ್ನು ಕೊಟ್ಟಿತು ಎಂದು ಒಂದೇ ಉಸಿರಿನಲ್ಲಿ ತೀರ್ಮಾನಿಸುವ ಆಸೆ ಹುಟ್ಟುವುದು ಸಹಜ. ಅದು ದುಡುಕು. ಬರಗಾಲದಲ್ಲಿ ಉಳಿದವರ ವಂಶದಲ್ಲಿ ಆಹಾರವನ್ನು ಕೂಡಿಡುವ ಗುಣವು ಆನುವಂಶಿಕವಾಗಿ ಬಂದಿತೆಂದು 1962ರಲ್ಲಿ ಜೇಮ್ಸ್ ನೀಲ್ ಅವರು ಊಹಿಸಿದರು. ಗರ್ಭದಲ್ಲಿನ ಕೊರತೆಯೇ ಮೈಯನ್ನು ಹಾಗೆ ಹೊಂದಿಸುವುದೆಂದು 1992ರಲ್ಲಿ ಹೇಲ್ಸ್ ಮತ್ತು ಬಾರ್ಕರ್ ಅವರು ವಾದಿಸಿದರು. ಈ ವಾದಗಳು ಇಂದಿಗೂ ಚರ್ಚೆಯಲ್ಲಿವೆ. ಭಾರತದ ನಾನಾ ಪ್ರಾಂತಗಳಲ್ಲಿ, ನಾಲೆಯಿಲ್ಲದ ಕಡೆಗಳಲ್ಲಿಯೂ, ಇದೇ ದೇಹರಚನೆಯು ಕಾಣುವುದರಿಂದ ಕನ್ನಂಬಾಡಿಯ ಕಟ್ಟೆಯೊಂದನ್ನೇ ಕಾರಣವೆನ್ನುವುದು ಸಲ್ಲದು. ಅದು ಲಕ್ಷಾಂತರ ಜನರನ್ನು ಹಸಿವಿನಿಂದ ಕಾಪಾಡಿತೆಂಬುದೇ ಮೊದಲ ಸತ್ಯ. ನಾವು ಹೇಳಬಹುದಾದುದು ಇಷ್ಟೇ: ಅಭಾವಕ್ಕೆ ಹೊಂದಿಕೊಂಡ ಮೈಗೆ ಸಮೃದ್ಧಿಯು ಎರಡೇ ತಲೆಮಾರಿನಲ್ಲಿ ಬಂದಿತು, ಮೈ ಬದಲಾಗಲು ಅಷ್ಟು ಕಾಲ ಸಾಲದು.

ಇದು ಈ ಸೀಮೆಯೊಂದರ ಕಷ್ಟವೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ 1,13,043 ಮಂದಿಯನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ವಯಸ್ಕರಲ್ಲಿ ಮಧುಮೇಹವು ಶೇಕಡ 11.4, ತೂಕದ ಸೂಚ್ಯಂಕದಂತೆ ಸ್ಥೂಲರಾದವರು ಶೇಕಡ 28.6, ಸೊಂಟದ ಅಳತೆಯಂತೆ ಸ್ಥೂಲರಾದವರು ಶೇಕಡ 39.5. ಕೊನೆಯ ಎರಡು ಸಂಖ್ಯೆಗಳ ನಡುವಣ ಅಂತರವೇ ನಮ್ಮ ಲೇಖನದ ತಿರುಳು. ನೂರಕ್ಕೆ ಹತ್ತು ಮಂದಿಗಿಂತ ಕಡಮೆಯಿಲ್ಲದಷ್ಟು ಜನರನ್ನು ತಕ್ಕಡಿಯು ನೀನು ದಪ್ಪವಿಲ್ಲವೆಂದು ಹೇಳಿ ಮನೆಗೆ ಕಳುಹಿಸುತ್ತಿದೆ. ಅವರ ಸೊಂಟವು ಬೇರೆಯದನ್ನು ಹೇಳುತ್ತಿದೆ. ನಾಗಮಂಗಲದ ವೃದ್ಧರ ಮಗನು ಇಂತಹವರಲ್ಲಿ ಒಬ್ಬನು.

8. ಉಪಸಂಹಾರ

ಈ ವಿವೇಚನೆಯಿಂದ ಎರಡು ಕರ್ತವ್ಯಗಳು ಹೊರಪಡುತ್ತವೆ. ಮೊದಲನೆಯದು ಎಲ್ಲರಿಗೂ ಸೇರಿದ್ದು. ಟೇಪು ಅಗ್ಗದ ವಸ್ತು. ಟೈಲರ ಅಂಗಡಿಯಲ್ಲಿಯೂ ಶಾಲೆಯಲ್ಲಿಯೂ ಇರುತ್ತದೆ. ಒಡಲ ಕೊಬ್ಬು ಬೇಗ ಸೇರುವಂತೆ ಬೇಗ ಕರಗುವುದೂ ಉಂಟು. ನಡಿಗೆ, ಮೈಬಗ್ಗಿಸಿ ಮಾಡುವ ಕೆಲಸ, ಊಟದಲ್ಲಿ ಅನ್ನ ಸಕ್ಕರೆಗಳನ್ನು ತಗ್ಗಿಸಿ ಕಾಳು ಸೊಪ್ಪುಗಳನ್ನು ಹೆಚ್ಚಿಸುವುದು, ಮದ್ಯ ತಂಬಾಕುಗಳನ್ನು ಬಿಡುವುದು ಇವುಗಳಿಂದ ಹೃದಯದ ಮೇಲಿನ ಭಾರವು ಇಳಿಯುವುದೆಂದು ವೈದ್ಯರು ಏಕಕಂಠದಿಂದ ಹೇಳುತ್ತಾರೆ. ಹೆಣ್ಣುಮಕ್ಕಳು ತಾಯಂದಿರಾಗುವ ಮೊದಲೇ ತಕ್ಕ ಆಹಾರವನ್ನು ಪಡೆಯುವುದೂ, ಗರ್ಭಿಣಿಯರ ಸಕ್ಕರೆಯನ್ನು ಪರೀಕ್ಷಿಸುವುದೂ ಮುಂದಿನ ತಲೆಮಾರಿನ ಹೃದಯಕ್ಕೆ ಕಟ್ಟುವ ಕಾವಲು.

ಎರಡನೆಯದು ಚರಿತ್ರೆಯ ವಿದ್ಯಾರ್ಥಿಗಳಿಗೆ ಸೇರಿದ್ದು. ಈ ಲೇಖನಕ್ಕಾಗಿ ಓಡಾಡುತ್ತಿದ್ದಾಗ ಒಂದು ಊರಿನ ಹಳೆಯ ಕಟ್ಟಡದ ಮೂಲೆಯಲ್ಲಿ, ಹುರಿಯಿಂದ ಕಟ್ಟಿದ ಹೆರಿಗೆ ಪುಸ್ತಕಗಳ ಗಂಟನ್ನು ನಾವು ಕಂಡೆವು. ಮೇಲಿನ ಎರಡು ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಕೆಳಗಿನದರಲ್ಲಿ ದಾದಿಯ ದುಂಡನೆಯ ಅಕ್ಷರಗಳು ಇನ್ನೂ ಓದುವಂತಿದ್ದವು. ಮುಂದಿನ ಸಲ ಹೋದಾಗ ಆ ಗಂಟು ಅಲ್ಲಿರಲಿಲ್ಲ. ರದ್ದಿಗೆ ಹೋಯಿತೆಂದು ತಿಳಿಯಿತು. ಮೈಸೂರಿನಲ್ಲಿ ಇಂತಹವೇ ಪುಸ್ತಕಗಳು ಉಳಿದುದರಿಂದ ಜಗತ್ತಿನ ವೈದ್ಯಶಾಸ್ತ್ರವು ಒಂದು ಹೆಜ್ಜೆ ಮುಂದಿಟ್ಟಿತು. ಶಾಸನಗಳನ್ನು ಕಾಪಾಡಲು ನಾವು ಪಡುವ ಶ್ರಮದಲ್ಲಿ ಒಂದು ಪಾಲನ್ನು ಆಸ್ಪತ್ರೆಗಳ ಹೆರಿಗೆ ಪುಸ್ತಕಗಳಿಗೂ ಶಾಲೆಗಳ ದಾಖಲಾತಿಗಳಿಗೂ ಕೊಡಬೇಕು. ದಾನಶಾಸನದಲ್ಲಿ ರಾಜನ ಹೆಸರಿದೆ. ಹೆರಿಗೆಯ ಪುಸ್ತಕದಲ್ಲಿ ಆ ರಾಜ್ಯದ ಪ್ರಜೆಯ ತೂಕವಿದೆ.

ವೃದ್ಧ ರೈತರ ಪ್ರಶ್ನೆಗೆ ಇಂದು ನಾವು ಕೊಡಬಲ್ಲ ಉತ್ತರವು ಇದು: ನಿಮ್ಮ ಮಗನ ಮೈಯು ಅವನ ತಾಯಿ ಅಜ್ಜಿಯರ ಕಾಲದ ಹಸಿವನ್ನು ಮರೆತಿರಲಾರದು, ಅವನ ಗಂಗಳ ಮಾತ್ರ ಮರೆತಿದೆ. ಉಡಿದಾರಕ್ಕೆ ಹೊಸ ಕೊಂಡಿಯನ್ನು ಹಾಕಿಸುವ ಮೊದಲು ಅವನ ಸೊಂಟವನ್ನು ಟೇಪಿನಿಂದ ಅಳೆಯಿಸಿರಿ. ಆ ಅಳತೆಯನ್ನು ಬರೆದಿಡಿರಿ.